ಹೆಸರಿನ ಜಾಗದಲ್ಲಿ ಒಂದು ಗೆರೆ

ಅವರ ಬೇಸ್‌ಮೆಂಟಿಗೆ ಇದ್ದದ್ದು ಒಂದೇ ಕಿಟಕಿ, ಅದೂ ಮೇಲೆ, ಸೂರಿಗೆ ತಾಗಿದಂತೆ. ಹೊರಗಿನ ಹುಲ್ಲು ಅದರ ಗಾಜಿಗೆ ಒರಗಿ ನಿಂತಿರುತ್ತಿತ್ತು. ಮಧ್ಯಾಹ್ನದ ಬಿಸಿಲು ಆ ಹುಲ್ಲನ್ನು ಹಾದು ಬರುವಷ್ಟರಲ್ಲಿ ತೆಳು ಹಸಿರಾಗಿ, ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗಿದ ಅವರ ಪಾದದ ಮೇಲೆ ಬೀಳುತ್ತಿತ್ತು. ನಾನು ಎದುರಿಗೆ ಕೂತು, ಹಿಂದಿನ ದಿನ ಟೈಪ್ ಮಾಡಿದ ಹಾಳೆಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಬೇಡದ ವಾಕ್ಯ ಬಂದಾಗ ಅವರು ಕಣ್ಣು ತೆರೆಯದೆ ತೋರುಬೆರಳು ಎತ್ತುತ್ತಿದ್ದರು. ನಾನು ಆ ವಾಕ್ಯದ ಮೇಲೆ ಪೆನ್ಸಿಲ್ ಎಳೆದು ಮುಂದೆ ಹೋಗುತ್ತಿದ್ದೆ. ಮೇಲೆ ವಿಮಾನ ಹಾದುಹೋದರೆ ಅದರ ಸದ್ದು ಕರಗುವವರೆಗೆ ಇಬ್ಬರೂ ಸುಮ್ಮನಿರುತ್ತಿದ್ದೆವು. ತೊಂಬತ್ತರ ದಶಕದ ನಡುವಿನ ಆ ಎರಡು ಬೇಸಿಗೆಗಳು ನನಗೆ ನೆನಪಿರುವುದೇ ಹೀಗೆ, ಅರೆನಿದ್ದೆಯಲ್ಲಿ ಕಂಡಂತೆ.

ಆಗ ನಾವು ವಾಷಿಂಗ್ಟನ್ನಿನ ಹತ್ತಿರ, ವರ್ಜೀನಿಯಾದ ಹರ್ನ್‌ಡನ್ನಿಗೆ ಬಂದ ಹೊಸತು. ನನ್ನವರಿಗೆ ಕಂಪ್ಯೂಟರ್ ಕೆಲಸ, ನನಗೆ ಕೆಲಸ ಮಾಡುವಂತಿಲ್ಲದ ವೀಸಾ. ಮದುವೆಗೆ ಮುಂಚೆ ಮೈಸೂರಿನ ಒಂದು ಮುದ್ರಣಾಲಯದಲ್ಲಿ ಆರು ವರ್ಷ ಕರಡು ತಿದ್ದಿದವಳು ನಾನು. ಇಲ್ಲಿ ತಿದ್ದಲು ಸಿಗುತ್ತಿದ್ದದ್ದು ನನ್ನ ಸಾರಿನ ಬಗ್ಗೆ ಗಂಡನಿಗಿದ್ದ ಅಭಿಪ್ರಾಯಗಳು ಮಾತ್ರ. ಒಂದು ದಿನ ಲೈಬ್ರರಿಯ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು: ಕೈಬರಹ ಓದಬಲ್ಲ, ತಾಳ್ಮೆಯುಳ್ಳ ಟೈಪಿಸ್ಟ್ ಬೇಕಾಗಿದ್ದಾರೆ.

"ಸಂಬಳ ಗಿಂಬಳ ಬೇಡ ಅಂತ ಮೊದ್ಲೇ ಹೇಳ್ಬಿಡು. ವಾಲಂಟಿಯರ್ ಮಾಡ್ತೀನಿ ಅನ್ನು," ಎಂದರು ನನ್ನವರು. "ಬೋರ್ ಆದ್ರೆ ಬಿಟ್ಬಿಡು."

ತಾಳ್ಮೆ ನನಗೆ ಹುಟ್ಟಿನಿಂದಲೂ ಇಲ್ಲ. ಆ ವಿಷಯವನ್ನು ಚೀಟಿ ಹಾಕಿದವರಿಗೆ ತಿಳಿಸುವ ಅಗತ್ಯ ಕಾಣಲಿಲ್ಲ.

ಚೀಟಿ ಹಾಕಿದವರು ಪಶ್ಚಿಮ ಆಫ್ರಿಕಾದ ಒಬ್ಬ ಕಾದಂಬರಿಕಾರ್ತಿ. ಕಡಲಂಚಿನ ಊರಿನವರು. ಮೊದಲ ಕಾದಂಬರಿ ಬರೆದಾಗ ಅವರಿಗೆ ಇಪ್ಪತ್ತಾರು. ಅದು ಮೀನು ಮಾರುವ ಹೆಂಗಸರ ಕಥೆ. ಆಮೇಲೆ ಇನ್ನೆರಡು ಬಂದವು. ಅಷ್ಟರಲ್ಲಿ ಒಂದು ಮಾಸಪತ್ರಿಕೆಯ ಸಂಪಾದಕಿಯಾಗಿ, ಊರವರ ಬರಹವನ್ನೆಲ್ಲ ತಿದ್ದುತ್ತ ತಮ್ಮದನ್ನು ಬದಿಗಿಟ್ಟರು. ಸೈನಿಕರು ಸರಕಾರ ಹಿಡಿದು ಪತ್ರಿಕೆಗೆ ಬೀಗ ಜಡಿದ ಮೇಲೆ ಒಂದು ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದವರು. ವಾಷಿಂಗ್ಟನ್ನಿನ ಕಾಲೇಜೊಂದರಲ್ಲಿ ವಾರಕ್ಕೆರಡು ದಿನ ಪಾಠ ಮಾಡುತ್ತಿದ್ದರು. ಉಳಿದ ದಿನಗಳಲ್ಲಿ ಹಳದಿ ಹಾಳೆಗಳ ಮೇಲೆ ಪೆನ್ಸಿಲಿನಲ್ಲಿ ನಾಲ್ಕನೆಯ ಕಾದಂಬರಿ ನಡೆದಿತ್ತು, ಎಷ್ಟೋ ವರ್ಷಗಳ ಮೇಲೆ.

ಏನೆಂದು ಕರೆಯಲಿ ಎಂದು ಮೊದಲ ದಿನವೇ ಇಂಗ್ಲಿಷಿನಲ್ಲಿ ಕೇಳಿದೆ. ಅಮ್ಮನ ವಯಸ್ಸಿನವರನ್ನು ಹೆಸರು ಹಿಡಿದು ಕೂಗಲು ನನಗೆ ನಾಲಿಗೆ ಹೊರಳದು.

"ನಮ್ಮ ಕಡೆ ನನ್ನ ವಯಸ್ಸಿನವರನ್ನೆಲ್ಲ ಆಂಟಿ ಅನ್ನುತ್ತಾರೆ," ಎಂದರು.

"ನಮ್ಮ ಕಡೆಯೂ ಅಷ್ಟೇ!" ಎಂದು ನಕ್ಕುಬಿಟ್ಟೆ. ಅವರೂ ನಕ್ಕರು. ಅಂದಿನಿಂದ ಅವರು ಆಂಟಿ, ನಾನು ಮಗಳು.

ಎರಡನೆಯ ಬೇಸಿಗೆಯಲ್ಲಿ ತಮ್ಮನ ಅಧ್ಯಾಯ ಬಂತು. ಕಾದಂಬರಿಯ ನಾಯಕಿಗೆ ಒಬ್ಬ ತಮ್ಮ, ಶಾಲಾಮಾಸ್ತರ, ಒಂದು ಬೆಳಿಗ್ಗೆ ಸೈನಿಕರು ಬಂದು ಕರೆದೊಯ್ಯುತ್ತಾರೆ, ತಿರುಗಿ ಬರುವುದಿಲ್ಲ. ಮೂವತ್ತೊಂದು ಪುಟ. ಅವನ ಹೆಸರು ಬರಬೇಕಾದ ಕಡೆಯಲ್ಲೆಲ್ಲ ಒಂದು ಪುಟ್ಟ ಗೆರೆ. ನಾನು ಹಾಗೆಯೇ ಟೈಪ್ ಮಾಡಿ, ಹಾಗೆಯೇ ಓದಿದೆ, ಗೆರೆ ಬಂದಲ್ಲಿ ಉಸಿರೆಳೆದುಕೊಂಡು. ಅವತ್ತು ಅವರು ಒಂದೇ ಒಂದು ಸಲವೂ ಬೆರಳು ಎತ್ತಲಿಲ್ಲ. ಮುಗಿದಾಗ ಮುಚ್ಚಿದ ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆಗೆ ಇಳಿದಿತ್ತು.

"ಇದು ಪುಸ್ತಕದಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲ ಮಗಳೇ," ಎಂದರು. "ಸದ್ಯಕ್ಕೆ ಬೇರೆ ಇಟ್ಟಿರು."

ಇರಲೇಬೇಕು ಎಂದು ನನಗೆ ಹಟ ಹುಟ್ಟಿತು. ಆ ಅಧ್ಯಾಯವಿಲ್ಲದ ಕಾದಂಬರಿ ಉಪ್ಪಿಲ್ಲದ ಸಾರು. ನನ್ನ ಸ್ವಂತದ್ದು ಎಂದು ಆ ದೇಶದಲ್ಲಿ ಆಸೆಪಡಲು ಏನೂ ಇರಲಿಲ್ಲ; ಇದ್ದ ಆಸೆಯನ್ನೆಲ್ಲ ಆ ಮೂವತ್ತೊಂದು ಪುಟಗಳ ಮೇಲೆ ಸುರಿದುಬಿಟ್ಟೆ.

ಸೆಪ್ಟೆಂಬರಿನಲ್ಲಿ, ದಕ್ಷಿಣಕ್ಕೆ ನಾಲ್ಕೈದು ಗಂಟೆ ದಾರಿಯ ಏಪೆಕ್ಸ್ ಎಂಬ ಊರಿನ ಹತ್ತಿರದ ಕಾಲೇಜೊಂದು ಅವರನ್ನು ಭಾಷಣಕ್ಕೆ ಕರೆದಿತ್ತು. ಅವರ ಕಣ್ಣು ಮಂಜಾಗಿದ್ದರಿಂದ ನಾನೇ ಡ್ರೈವ್ ಮಾಡಿದೆ. ವರ್ಜೀನಿಯಾದ ದಕ್ಷಿಣಕ್ಕೆ ಇಳಿದಂತೆ ರಸ್ತೆಯ ಎರಡೂ ಬದಿಗೆ ಬರೀ ಪೈನ್ ಮರಗಳು, ಗಂಟೆಗಟ್ಟಲೆ ಅದೇ ಮರಗಳು, ಕಾರು ನಿಂತಿದೆ, ಮರಗಳು ನಡೆಯುತ್ತಿವೆ ಅನ್ನಿಸುವಷ್ಟು. ಆ ಮಂಪರಿನಲ್ಲಿ ಅವರು ಮಾತಾಡತೊಡಗಿದರು. ಕಥೆಯ ತಮ್ಮನ ಬಗ್ಗೆಯಲ್ಲ, ಸ್ವಂತ ಒಡಹುಟ್ಟಿದವನ ಬಗ್ಗೆಯೇ. ಮುಂದಿನ ಹಲ್ಲು ಚೂರು ಮುರಿದಿತ್ತಂತೆ, ಅದಕ್ಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದನಂತೆ. ಅವನು ಒಂದೇ ಕಾಲಿಗೆ ಬೂಟು ಹಾಕಿಕೊಂಡಿದ್ದಾಗ ಸೈನಿಕರು ಬಂದರಂತೆ. ಹೇಳುತ್ತ ಹೇಳುತ್ತ ಎರಡು ಸಲ ಅವನ ಹೆಸರೆತ್ತಿದರು. ಎಷ್ಟು ಚೆಂದದ ಹೆಸರು! ಪಾಪ, ದುಃಖಕ್ಕೆ ಕೈ ಬಾರದೆ ಇದನ್ನು ಬರೆದಿಲ್ಲ ಎಂದುಕೊಂಡೆ. ಹಾಗೆಂದುಕೊಳ್ಳಲು ನನಗೆ ಯಾರೂ ಹೇಳಿರಲಿಲ್ಲ.

ಮುಂದಿನ ತಿಂಗಳು ನವರಾತ್ರಿ. ಸರಸ್ವತಿ ಪೂಜೆಯ ದಿನ ನಮ್ಮ ಮನೆಗಳಲ್ಲಿ ಪುಸ್ತಕಗಳನ್ನೆಲ್ಲ ದೇವರ ಮುಂದಿಟ್ಟು, ಅವತ್ತು ಓದುವುದಿಲ್ಲ, ಬರೆಯುವುದಿಲ್ಲ. ಆ ಅಧ್ಯಾಯವನ್ನೂ ಪೂಜೆಗಿಡಬೇಕು, ಆಂಟಿಯನ್ನು ಊಟಕ್ಕೆ ಕರೆಯಬೇಕು, ಅದನ್ನು ಹೂವಿನ ನಡುವೆ ಕಂಡು ಅವರ ಮನಸ್ಸು ಕರಗಬೇಕು. ಇದು ನನ್ನ ಲೆಕ್ಕಾಚಾರ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ಆದರೆ ಕರಡು ತಿದ್ದಿದ ಕಣ್ಣಿಗೆ ಖಾಲಿ ಜಾಗ ಕಂಡರೆ ಚಡಪಡಿಕೆ. ಅರ್ಚನೆ ಮಾಡಿಸುವಾಗ ಹೆಸರು ಹೇಳದಿದ್ದರೆ ದೇವರಿಗೆ ಯಾರೆಂದು ಹೇಗೆ ಗೊತ್ತಾಗಬೇಕು? ಹಿಂದಿನ ದಿನ ಕಂಪ್ಯೂಟರಿನಲ್ಲಿ ಅಧ್ಯಾಯ ತೆರೆದು, ಪ್ರತಿ ಗೆರೆ ಅಳಿಸಿ, ಅಲ್ಲೆಲ್ಲ ಅವನ ಹೆಸರು ತುಂಬಿದೆ. ಹೊಸ ಪ್ರತಿ ತೆಗೆದು ಮೊದಲ ಪುಟಕ್ಕೆ ಅರಿಸಿನ ಕುಂಕುಮ ಹಚ್ಚಿದೆ.

"ಅವ್ರನ್ನ ಒಂದ್ಮಾತು ಕೇಳ್ಬಹುದಿತ್ತಲ್ವಾ?" ಎಂದರು ನನ್ನವರು.

"ಸರ್‌ಪ್ರೈಸ್ ಕಣ್ರೀ. ಕೇಳಿದ್ರೆ ಇನ್ನೇನು ಸರ್‌ಪ್ರೈಸ್?" ಎಂದೆ.

ಆಂಟಿ ನೀಲಿ ಗೌನು ತೊಟ್ಟು, ತಲೆಗೆ ಅದೇ ಬಣ್ಣದ ಬಟ್ಟೆ ಸುತ್ತಿಕೊಂಡು ಬಂದರು. ಯಾರೂ ಹೇಳದೆಯೇ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಪೂಜೆಯ ಮುಂದೆ ನಗುನಗುತ್ತ ಬಾಗಿದವರು ಹಾಗೆಯೇ ನಿಂತುಬಿಟ್ಟರು. ಹಾಳೆಗಳನ್ನು ಎತ್ತಿಕೊಂಡರು. ಕುಂಕುಮ ಅವರ ತೋಳಿನ ಮೇಲೆ ಉದುರಿತು.

"ಇದನ್ನು ಬರೆದವರು ಯಾರು?"

"ನಾನೇ ಆಂಟಿ. ಅವರ ನೆನಪಿಗೆ ಅಂತ..."

ಅವರು ಊಟದ ಮೇಜಿನ ಮುಂದೆ ಕೂತರು. ದನಿ ಎತ್ತರಿಸಲಿಲ್ಲ. "ಅವನು ನನ್ನ ಪತ್ರಿಕೆಗೆ ಸೈನಿಕರ ಬಗ್ಗೆ ಒಂದು ಲೇಖನ ಕೊಟ್ಟಿದ್ದ. ಅಕ್ಕಾ, ನನ್ನ ಹೆಸರು ಹಾಕಬೇಡ ಅಂದಿದ್ದ. ಓದಿದೆ. ತುಂಬ ಚೆನ್ನಾಗಿತ್ತು. ಇಂಥ ಬರಹಕ್ಕೆ ಹೆಸರಿಲ್ಲದಿದ್ದರೆ ಹೇಗೆ ಅನ್ನಿಸಿತು. ಸಂಪಾದಕಿ ನಾನು. ಹಾಕಿದೆ. ನಾಲ್ಕನೆಯ ದಿನ ಅವರು ಬಂದರು."

ನಾನು ಎದುರಿನ ಕುರ್ಚಿ ಎಳೆದು ಕೂತೆ.

"ಪ್ರೀತಿಯಿಂದಲೇ ಹಾಕಿದ್ದು," ಎಂದರು ಆಂಟಿ. "ನಿನ್ನ ಹಾಗೆ."

ಆಮೇಲೆ ಚೀಲದಿಂದ ಪೆನ್ಸಿಲ್ ತೆಗೆದು, ಮೊದಲ ಪುಟದಿಂದ ಶುರುಮಾಡಿ, ಹೆಸರಿದ್ದ ಕಡೆಯಲ್ಲೆಲ್ಲ ಗೆರೆ ಎಳೆಯುತ್ತ ಹೋದರು. ಬರೆಯಬಾರದ ದಿನ ಎಂದು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಚಿತ್ರಾನ್ನ ಆರಿತು, ಪಾಯಸ ಕೆನೆಗಟ್ಟಿತು. ಕೊನೆಯ ಪುಟ ಮುಗಿಸಿ, ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, "ಮುಂದಿನ ವಾರ ಬರಬೇಡ," ಎಂದು ಹೇಳಿ ಹೋದರು. ಉಣ್ಣಲಿಲ್ಲ.

ಅದರ ಮುಂದಿನ ವಾರವೂ ಕರೆ ಬರಲಿಲ್ಲ. ಅಧ್ಯಾಯವನ್ನು ನಾನೇ ಕೊಂದೆ ಎಂದು ಪಾತ್ರೆ ತೊಳೆಯುತ್ತ ಅತ್ತೆ. ಮರುಗಳಿಗೆ ಅವರ ಮೇಲೇ ಸಿಟ್ಟು: ಕಾರಿನಲ್ಲೇ ಪೂರ್ತಿ ಹೇಳಬಾರದಿತ್ತೇ? ಕ್ಷಮೆ ಕೇಳಿ ಬರೆದ ಕಾಗದಗಳನ್ನು ಹರಿದು ಹಾಕಿದೆ. ಎಲ್ಲದರಲ್ಲೂ ನಾನು ಅರ್ಧಕ್ಕರ್ಧ ನನ್ನನ್ನೇ ಸಮರ್ಥಿಸಿಕೊಳ್ಳುತ್ತಿದ್ದೆ. ಚಳಿಗಾಲ ಬಂತು, ಹೋಯಿತು. ಅವರ ಮನೆಯ ಬೀದಿಗೆ ತಿರುಗುವ ಕಡೆ ಬಂದಾಗಲೆಲ್ಲ ಕಾರು ತಾನೇ ನಿಧಾನವಾಗುತ್ತಿತ್ತು.

ಎರಡು ವರ್ಷದ ಮೇಲೆ ಅಂಚೆಯಲ್ಲಿ ಒಂದು ಕಾರ್ಡು ಬಂತು. ವಾಷಿಂಗ್ಟನ್ನಿನ ಪುಸ್ತಕದಂಗಡಿಯೊಂದರಲ್ಲಿ ಅವರ ಹೊಸ ಕಾದಂಬರಿಯ ವಾಚನ. ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ 'ಬಾ ಮಗಳೇ' ಎಂದಿತ್ತು.

ಹಿಂದಿನ ಸಾಲಿನಲ್ಲಿ ಕೂತೆ. ಅವರು ಇನ್ನಷ್ಟು ಬಡವಾಗಿದ್ದರು. ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಓದತೊಡಗಿದರು, ಒಂದೇ ಕಾಲಿಗೆ ಬೂಟು ಹಾಕಿಕೊಂಡ ತಮ್ಮನ ಬೆಳಗನ್ನು. ಅಧ್ಯಾಯ ಇತ್ತು! ನಾನು ಸೆರಗು ಬಾಯಿಗೊತ್ತಿಕೊಂಡೆ. ಹೆಸರಿನ ಜಾಗ ಬಂದಾಗಲೆಲ್ಲ ಅವರು ಒಂದು ಉಸಿರಿನಷ್ಟು ಸುಮ್ಮನಾಗಿ ಮುಂದೆ ಹೋಗುತ್ತಿದ್ದರು.

ಮುಗಿದ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಅವನಿಗೆ ಯಾಕೆ ಹೆಸರಿಟ್ಟಿಲ್ಲ ಎಂದು ಕೇಳಿದಳು.

"ಹೆಸರು ಹಾಕಬೇಡ ಅಂತ ಅವನು ಕೇಳಿಕೊಂಡಿದ್ದ," ಎಂದರು ಆಂಟಿ. "ಅವನ ಮಾತು ನಡೆಸಲು ನನಗೆ ಇಷ್ಟು ವರ್ಷ ಬೇಕಾಯಿತು."

ತುಂಬಿದ ಆ ಅಂಗಡಿಯಲ್ಲಿ ಅವನ ಹೆಸರು ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ಈಗ ಆಂಟಿಯೂ ಇಲ್ಲ. ಆ ಹೆಸರು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಬರೆಯುವುದಿಲ್ಲ.