ಶಟರ್ ಮೇಲಿನ ಅಂಗಡಿಗಳು

ಕೊಪ್ಪದ ಬಸ್ ನಿಲ್ದಾಣದ ಹಿಂದಿನ ನಮ್ಮ ಸಾಲಿನಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮೊದಲು ಬೇಕರಿ, ಆಮೇಲೆ ಟೈಲರ್, ಕೊನೆಗೆ ಸೈಕಲ್ ರಿಪೇರಿಯವನು. ನನ್ನ ಪಾತ್ರೆ ಅಂಗಡಿ ಮಾತ್ರ ಉಳಿಯಿತು. ತುಕ್ಕು ಹಿಡಿದ ಶಟರ್‌ಗಳನ್ನು ನೋಡಿ ಶೃಂಗೇರಿಗೆ ಹೋಗುವ ಪ್ರವಾಸಿಗರು ಇಲ್ಲಿ ಕಾರು ನಿಲ್ಲಿಸುವುದೇ ಇಲ್ಲ ಎಂದು ಪಟ್ಟಣ ಪಂಚಾಯಿತಿಯವರಿಗೆ ಚಿಂತೆಯಾಯಿತು. ಖಾಲಿ ಮಳಿಗೆಗಳ ಬಾಡಿಗೆ ಇಳಿಸಿದರೆ ಯಾರಾದರೂ ಬಂದಾರು ಎಂದು ಅವರಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಅವರು ಅದರ ಬದಲು, ಮುಚ್ಚಿದ ಅಂಗಡಿಗಳ ಶಟರ್ ಮೇಲೆ ಒಳಗೆ ಏನಿತ್ತೋ ಅದರ ಚಿತ್ರ ಬರೆಯಲು ಪೇಂಟರ್‌ನನ್ನು ಕಳಿಸಿದರು.

ಅವನ ಕೈ ಒಳ್ಳೆಯದು, ಅದನ್ನು ಇಲ್ಲ ಎನ್ನಲಾರೆ. ಬೇಕರಿಯ ಶಟರ್ ಮೇಲೆ ಗಾಜಿನ ಭರಣಿ, ಅದರ ತುಂಬ ಖಾರದ ಬಿಸ್ಕತ್ತು. ಟೈಲರ್ ಶಟರ್ ಮೇಲೆ ಹೊಲಿಗೆ ಮೆಷಿನ್, ಪಕ್ಕದಲ್ಲಿ ನೇತುಹಾಕಿದ ಅಂಗಿ. ಯಾವ ಚಿತ್ರದಲ್ಲೂ ಮನುಷ್ಯರಿರಲಿಲ್ಲ. ಕಾರುಗಳೇನೋ ನಿಲ್ಲತೊಡಗಿದವು. ಜನ ಇಳಿದು, ಚಿತ್ರಗಳ ಮುಂದೆ ಫೋಟೊ ತೆಗೆಸಿಕೊಂಡು, ನನ್ನ ಅಂಗಡಿಯತ್ತ ತಿರುಗಿಯೂ ನೋಡದೆ ಹೊರಟುಹೋಗುತ್ತಿದ್ದರು.

ಮೊನ್ನೆ ಬೆಳಿಗ್ಗೆ ನಾನು ಗಿರಾಕಿಯೊಬ್ಬರಿಗೆ ಕುಕ್ಕರ್ ತೋರಿಸುತ್ತಿದ್ದಾಗ, ಪೇಂಟರ್ ಎದುರಿನ ಕಟ್ಟೆಯ ಮೇಲೆ ಕೂತು, ನನ್ನ ಅಂಗಡಿಯನ್ನೇ ನೋಡಿ ನೋಡಿ ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತಿದ್ದ. ಗಿರಾಕಿ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

“ಎಂತ ಮಾರಾಯ, ನನ್ನ ಅಂಗಡಿ ಇನ್ನೂ ನಡೀತಾ ಇದ್ಯಲ್ಲ?”

“ನಡೀತಿರುವಾಗಲೇ ನೋಡ್ಕಂಡ್ರೆ ಒಳ್ಳೇದು ಮಾರಾಯ್ರೆ,” ಎಂದ ಅವನು, ಹಾಳೆಯಿಂದ ತಲೆ ಎತ್ತದೆ. “ಬಾಗಿಲು ಹಾಕಿದ್ಮೇಲೆ ಒಳಗೆ ಎಂತ ಎಲ್ಲಿತ್ತು ಅಂತ ಹೇಳೋಕೆ ಯಾರೂ ಸಿಗಲ್ಲ.”

ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಪೆನ್ಸಿಲಿನಿಂದ ಸನ್ನೆ ಮಾಡಿದ.

“ಸ್ವಲ್ಪ ಆಚೆ ಸರ್ಕಳಿ. ಹಿಂದಿನ ಕಪಾಟು ಕಾಣ್ತಾ ಇಲ್ಲ.”

ನಾನು ಸರಿದು ನಿಂತೆ.