ಅಪ್ಪ ತಮ್ಮ ಕಾರನ್ನು ಮೊದಲ ಸಲ ನೋಡಿದ್ದು

ಇವತ್ತು ಕೋಲಾರದಲ್ಲಿ ಹಳೇ ಕಾರುಗಳನ್ನು ಪ್ರದರ್ಶನಕ್ಕೆ ಸಾಲಾಗಿ ನಿಲ್ಲಿಸಿದ್ದರು. ಒಂದರ ಬಾಗಿಲು ತೆರೆದಿದ್ದೇ ತಡ, ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ನನ್ನನ್ನು ಮುಳಬಾಗಿಲಿನ ನಮ್ಮ ಮನೆ ಮುಂದಕ್ಕೆ ಎಳೆದುಕೊಂಡು ಹೋಯಿತು.

ಅಪ್ಪನ ಹತ್ತಿರ ಕಪ್ಪು ಮಾರಿಸ್ ಕಾರು ಇತ್ತು. ಅವರ ಗೆಳೆಯ, ನಂಗಲಿಯ ವೆಂಕಟಪ್ಪ ಮಾಮನ ಹತ್ತಿರ ಕೆನೆಬಣ್ಣದ ಫಿಯೆಟ್. ಭಾನುವಾರ ಇಬ್ಬರೂ ಕಾಫಿ ಲೋಟ ಹಿಡಿದು, ಒಬ್ಬರ ಕಾರನ್ನು ಇನ್ನೊಬ್ಬರು ಸುತ್ತು ಹಾಕಿ ಹೊಗಳಿದ್ದೇ ಹೊಗಳಿದ್ದು. ಸ್ಟೀರಿಂಗ್ ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಒಂದಿನ ಅಮ್ಮನಿಗೆ ಸಾಕಾಯಿತು. "ಅಷ್ಟು ಆಸೆಯಿದ್ರೆ ಕಾರು ಬದಲಾಯಿಸ್ಕೊಂಡು ಕೋಲಾರಕ್ಕೆ ಹೋಗಿ ತರಕಾರಿ ತನ್ನಿ" ಅಂದಳು. ಇಬ್ಬರೂ ಒಲ್ಲದ ಮನಸ್ಸಿನಿಂದ ಬೀಗದ ಕೈ ಬದಲಾಯಿಸಿಕೊಂಡರು.

ನಾನು ಅಪ್ಪನ ಜೊತೆ ಫಿಯೆಟ್ ಹತ್ತಿದೆ. ಊರಾಚೆ ಮಾಮ ನಮ್ಮ ಮಾರಿಸ್‌ನಲ್ಲಿ ನಮ್ಮನ್ನು ದಾಟಿ ಮುಂದೆ ಹೋದರು. ಅಲ್ಲಿಯವರೆಗೆ ಗೊಣಗುತ್ತಿದ್ದ ಅಪ್ಪ ಸ್ಟೀರಿಂಗ್ ಮೇಲೆ ಬಾಗಿ ಕಣ್ಣರಳಿಸಿದರು. "ನೋಡೇ ಪುಟ್ಟಿ, ನಮ್ಮ ಕಾರು ಓಡೋದು ಎಷ್ಟು ಚೆಂದ! ಇಷ್ಟು ವರ್ಷ ಒಳಗೇ ಕೂತಿದ್ದೆ, ನೋಡೇ ಇರಲಿಲ್ಲ."

ಮಾಮನನ್ನು ನಿಲ್ಲಿಸಿ ಅದನ್ನೇ ಹೇಳಿದರೆ, "ಒರೇಯ್, ಹಂಗಾದ್ರೆ ಈಗ ನೀನು ಮುಂದೆ ಹೋಗೋ, ನನ್ನ ಬಂಡೀನ ನಾನೂ ನೋಡ್ಬೇಕು!" ಅಂದರು. ಆಮೇಲೆ ದಾರಿಯುದ್ದಕ್ಕೂ ಒಮ್ಮೆ ಅವರು ಮುಂದೆ, ಒಮ್ಮೆ ನಾವು ಮುಂದೆ. ಲಾರಿಯವರು ಹಾರನ್ ಹೊಡೆದು ನಗುತ್ತಿದ್ದರು. ಕೋಲಾರ ಮುಟ್ಟುವಷ್ಟರಲ್ಲಿ ಮಾರ್ಕೆಟ್ ಖಾಲಿ!

ಬರಿಗೈಯಲ್ಲಿ ಬಂದವರನ್ನು ಕಂಡು ಅಮ್ಮ ರೇಗಿದಳು. ಅಪ್ಪ ಬೀಗದ ಕೈ ಅವಳ ಮುಂದೆ ಹಿಡಿದು, "ನೀನೂ ಕಲಿಯೇ. ನೀನು ಓಡಿಸು, ನಾನು ರಸ್ತೇಲಿ ನಿಂತು ನೋಡ್ತೀನಿ" ಅಂದರು. ಅಮ್ಮ ಕಲಿತೇಬಿಟ್ಟಳು.

ಇದನ್ನೆಲ್ಲ ಇವತ್ತು ಆ ಕಾರಿನ ಮಾಲೀಕರಿಗೆ ಹೇಳಿದೆ. ಅವರು ನಕ್ಕು, ಹೆಂಡತಿಯನ್ನು ಸ್ಟೀರಿಂಗ್ ಮುಂದೆ ಕೂರಿಸಿ, ತಾವು ರಸ್ತೆಯ ಆ ಬದಿಗೆ ಓಡಿದರು.