ಪ್ಯಾರಿಸ್ಸಿಗೆ ಹೊರಟ ಬಾಗಿನ

ವೀಸಾ ಏಜೆಂಟರ ಮೇಜಿನ ಮೇಲೆ, ಸರದಿಯಲ್ಲಿ ನನಗಿಂತ ಮುಂದಿದ್ದ ಹೆಂಗಸೊಬ್ಬರು ಅರಿಶಿನ ಬಳಿದ ಒಂದು ಜೊತೆ ಮೊರ ಇಟ್ಟರು. ಮಲ್ಲೇಶ್ವರದ ಆ ಮಹಡಿಯ ಕೋಣೆಯಲ್ಲಿ ಸರದಿಗಾಗಿ ಕಾಯುತ್ತಾ ತೂಕಡಿಸುತ್ತಿದ್ದ ನನಗೆ ಗೌರಿ ಹಬ್ಬ ನಿದ್ದೆಯೊಳಕ್ಕೇ ನಡೆದು ಬಂದಂತಾಯಿತು.

“ಪ್ಯಾರಿಸ್‌ನಲ್ಲಿ ಸರೋಜ ಅಂತ ನನ್ನ ಫ್ರೆಂಡ್ ಇದಾಳೆ. ಅವಳಿಗೆ ಬಾಗಿನ ಕೊಡ್ಬೇಕು. ತಂಗಿ ಊರಿಗೆ ಹೋಗ್ತಾ ಅಲ್ಲೇ ಫ್ಲೈಟ್ ಬದಲಾಯಿಸ್ತೀನಲ್ಲ, ಟ್ರಾನ್ಸಿಟ್ ವೀಸಾ ಸಾಕಲ್ವಾ?”

“ಅದ್ರಲ್ಲಿ ಏರ್‌ಪೋರ್ಟ್ ಬಿಟ್ಟು ಆಚೆ ಬರಕ್ಕಾಗಲ್ಲ ಮೇಡಂ,” ಎಂದರು ಏಜೆಂಟ್.

ಮದುವೆಯಾದಾಗಿನಿಂದ ಗೆಳತಿಯರಿಬ್ಬರೂ ಪ್ರತಿ ಗೌರಿಗೂ ಬಾಗಿನ ಬದಲಿಸಿಕೊಳ್ಳುತ್ತಿದ್ದರಂತೆ. ಸರೋಜ ಈಗ ಪ್ಯಾರಿಸ್ಸಿನಲ್ಲಿ ಹಾಸಿಗೆ ಹಿಡಿದಿದ್ದಾರೆ. ಮೊರಕ್ಕೆ ಸೆರಗು ಮುಚ್ಚಿ, ಕೈಯಿಂದ ಕೈಗೇ ಕೊಡಬೇಕಾದ್ದನ್ನು ಕೊರಿಯರ್ ಮಾಡುವುದು ಹೇಗೆ?

“ಕಡಿಮೆ ದಿನದ ವಿಸಿಟ್ ವೀಸಾ ತಗೊಳ್ಳಿ. ಟೂರಿಸ್ಟ್ ಅಂತ ಹಾಕ್ಲಾ?”

“ನಾನು ಊರು ನೋಡಕ್ಕೆ ಹೋಗ್ತಿಲ್ವಲ್ಲ. ಅವಳು ನೆಂಟಳೂ ಅಲ್ಲ.”

“ಸ್ನೇಹಿತರನ್ನ ನೋಡಕ್ಕೆ ಅಂತಾನೇ ಹಾಕ್ಬಹುದು ಮೇಡಂ.”

ಕಿಟಕಿಯಾಚೆಯ ಹೊಂಗೆಯ ನೆರಳು ಅರಿಶಿನದ ಮೇಲೆ ನೀರಿನಂತೆ ಅಲುಗುತ್ತಿತ್ತು. “ಅದಕ್ಕೂ ವೀಸಾ ಕೊಡ್ತಾರಾ!” ಎಂದು ಆಕೆ ನಕ್ಕರು. ಕೆಲಸ ಮುಗಿಸಿ ಮೊರಗಳನ್ನೆತ್ತಿಕೊಂಡು, ಅಭ್ಯಾಸಬಲದಿಂದ ಸೆರಗು ಮುಚ್ಚಿ ಮೆಟ್ಟಿಲಿಳಿದು ಹೋದರು. ಪ್ಯಾರಿಸ್ ಪಕ್ಕದ ಕ್ರಾಸಿನಲ್ಲೇ ಇದೆಯೇನೋ ಎಂಬಂತಿತ್ತು ಆ ನಡಿಗೆ.

ನನ್ನ ಸರದಿ ಬಂತು. “ತಾವು ಯಾತಕ್ಕೆ ಹೋಗ್ತಿದೀರ?” ಎಂದು ಏಜೆಂಟ್ ಕೇಳಿದರು. ಊರು ನೋಡುವುದಕ್ಕೆ ಎನ್ನಲು ಯಾಕೋ ನಾಲಿಗೆ ತಡೆಯಿತು.